ಶಾಸನಸಭೆಗಳಲ್ಲಿ ರೋಲ್ ದರ

ರೋಲ್ ದರ ಎಂಬುದು ಶಾಸನಸಭೆಯ ಮತದಾನಗಳಲ್ಲಿ ಒಂದು ಪಕ್ಷ, ಒಂದು ಗುಂಪು ಅಥವಾ ಒಬ್ಬ ಶಾಸಕ ಎಷ್ಟು ಬಾರಿ ಸೋತ ಪಾಳೆಯದಲ್ಲಿ ಉಳಿಯುವಂತಾಯಿತು ಎಂಬುದನ್ನು ಅಳೆಯಲು ರಾಜ್ಯಶಾಸ್ತ್ರದಲ್ಲಿ ಬಳಸುವ ಮಾಪನ. ಒಂದು ಪಕ್ಷದ ಬಹುಪಾಲು ಸದಸ್ಯರು ವಿರೋಧಿಸಿ ಮತ ಚಲಾಯಿಸಿದರೂ ಮಸೂದೆಯು ಅಂಗೀಕಾರವಾದರೆ ಆ ಪಕ್ಷವು ‘ರೋಲ್’ ಆಯಿತು ಎನ್ನಲಾಗುತ್ತದೆ. ಅಮೆರಿಕದ ರಾಜ್ಯಶಾಸ್ತ್ರಜ್ಞರಾದ ಗ್ಯಾರಿ ಕಾಕ್ಸ್ ಮತ್ತು ಮ್ಯಾಥ್ಯೂ ಮೆಕಬಿನ್ಸ್ ಅವರ ಅಧ್ಯಯನಗಳಿಂದ, ವಿಶೇಷವಾಗಿ 2005ರಲ್ಲಿ ಪ್ರಕಟವಾದ ‘ಸೆಟ್ಟಿಂಗ್ ದಿ ಅಜೆಂಡಾ’ ಗ್ರಂಥದಿಂದ, ಈ ಮಾಪನವು ವ್ಯಾಪಕ ಬಳಕೆಗೆ ಬಂದಿತು. ಮತದಾನದಲ್ಲಿ ಯಾರು ಸೋಲುತ್ತಾರೆ ಎಂಬುದನ್ನು ಸದಸ್ಯಬಲ ಮಾತ್ರ ನಿರ್ಧರಿಸುವುದಿಲ್ಲ, ಯಾವ ವಿಷಯ ಮತಕ್ಕೆ ಬರಬೇಕೆಂದು ತೀರ್ಮಾನಿಸುವ ಅಧಿಕಾರವೂ ನಿರ್ಧರಿಸುತ್ತದೆ ಎಂಬುದು ಈ ಅಧ್ಯಯನಗಳ ಮುಖ್ಯ ವಾದ.

## ಪದದ ಅರ್ಥ

ಇಂಗ್ಲಿಷಿನ ರಾಜಕೀಯ ಆಡುಮಾತಿನಲ್ಲಿ ‘ರೋಲ್’ ಎಂದರೆ ಎದುರಾಳಿಯನ್ನು ಬದಿಗೊತ್ತಿ, ಅವನ ಇಚ್ಛೆಗೆ ವಿರುದ್ಧವಾಗಿ ಮುಂದೆ ಸಾಗುವುದು ಎಂದರ್ಥ. ಶಾಸನಸಭೆಯ ಅಧ್ಯಯನದಲ್ಲಿ ಸೋಲು ಎರಡು ಬಗೆಯದು.

- ವಿರೋಧಿಸಿದ ಮಸೂದೆ ಅಂಗೀಕಾರವಾಗುವುದು. ಇದು ರೋಲ್. ಇಲ್ಲಿ ಸೋತವರಿಗೆ ಒಪ್ಪಿಗೆಯಿಲ್ಲದ ಬದಲಾವಣೆ ಜಾರಿಗೆ ಬರುತ್ತದೆ.
- ಬೆಂಬಲಿಸಿದ ಮಸೂದೆ ಬಿದ್ದುಹೋಗುವುದು. ಇದನ್ನು ನಿರಾಶೆ ಎಂದು ಪ್ರತ್ಯೇಕವಾಗಿ ಗಣಿಸಲಾಗುತ್ತದೆ. ಇಲ್ಲಿ ಬಯಸಿದ ಬದಲಾವಣೆ ಬರುವುದಿಲ್ಲ, ಯಥಾಸ್ಥಿತಿ ಮುಂದುವರಿಯುತ್ತದೆ.

ರೋಲ್ ದರವು ಮೊದಲನೆಯ ಬಗೆಯ ಸೋಲನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ತನಗೆ ಬೇಡವಾದ ಮಸೂದೆಯನ್ನು ಮತದಾನದ ಹಂತಕ್ಕೆ ಬರದಂತೆ ತಡೆಯುವ ಶಕ್ತಿ ಯಾರಿಗಿದೆ ಎಂಬುದನ್ನು ತಿಳಿಯುವುದು ಇದರ ಉದ್ದೇಶ.

## ಲೆಕ್ಕ ಹಾಕುವ ವಿಧಾನ

ಸಾಮಾನ್ಯವಾಗಿ ಮಸೂದೆಯ ಅಂತಿಮ ಅಂಗೀಕಾರಕ್ಕಾಗಿ ನಡೆದ ಮತದಾನಗಳನ್ನು ಮಾತ್ರ ಪರಿಗಣಿಸಲಾಗುತ್ತದೆ. ತಿದ್ದುಪಡಿಗಳು ಮತ್ತು ಕಾರ್ಯವಿಧಾನದ ನಿರ್ಣಯಗಳನ್ನು ಬಿಡಲಾಗುತ್ತದೆ. ಪಕ್ಷದ ಬಹುಪಾಲು ಸದಸ್ಯರು ವಿರೋಧಿಸಿದರೂ ಅಂಗೀಕಾರವಾದ ಮಸೂದೆಗಳ ಸಂಖ್ಯೆಯನ್ನು ಒಟ್ಟು ಅಂತಿಮ ಮತದಾನಗಳ ಸಂಖ್ಯೆಯಿಂದ ಭಾಗಿಸಿದರೆ ಆ ಪಕ್ಷದ ರೋಲ್ ದರ ದೊರೆಯುತ್ತದೆ.

ಉದಾಹರಣೆಗೆ, ಒಂದು ಅವಧಿಯಲ್ಲಿ 100 ಅಂತಿಮ ಮತದಾನಗಳು ನಡೆದಿವೆ ಎಂದು ಭಾವಿಸೋಣ. ಅಲ್ಪಸಂಖ್ಯಾತ ಪಕ್ಷದ ಬಹುಪಾಲು ಸದಸ್ಯರು ಅವುಗಳಲ್ಲಿ 40 ಮಸೂದೆಗಳನ್ನು ವಿರೋಧಿಸಿ, ಆ ಪೈಕಿ 38 ಅಂಗೀಕಾರವಾಗಿದ್ದರೆ ಆ ಪಕ್ಷದ ರೋಲ್ ದರ ಶೇಕಡಾ 38. ಬಹುಮತ ಪಕ್ಷದ ಬಹುಪಾಲು ಸದಸ್ಯರು ವಿರೋಧಿಸಿದ ಮೂರು ಮಸೂದೆಗಳಲ್ಲಿ ಎರಡು ಅಂಗೀಕಾರವಾಗಿದ್ದರೆ ಅದರ ದರ ಶೇಕಡಾ 2.

## ಸೈದ್ಧಾಂತಿಕ ಹಿನ್ನೆಲೆ

ಬಹುಮತವಿರುವ ಪಕ್ಷ ಗೆಲ್ಲುವುದು ಸಹಜವೆಂದು ತೋರಿದರೂ, ಪಕ್ಷದ ಸದಸ್ಯರೆಲ್ಲರ ಅಭಿಪ್ರಾಯ ಒಂದೇ ಆಗಿರುವುದಿಲ್ಲವಾದ್ದರಿಂದ ಅದು ಅಷ್ಟು ಸರಳವಲ್ಲ. ಇದನ್ನು ಒಂಬತ್ತು ಸದಸ್ಯರ ಒಂದು ಕಾಲ್ಪನಿಕ ಸಭೆಯ ಮೂಲಕ ವಿವರಿಸಬಹುದು.

ಸಭೆಯು ಒಂದು ತೆರಿಗೆಯ ದರವನ್ನು ನಿಗದಿಪಡಿಸಬೇಕಾಗಿದೆ. ಮೊದಲನೆಯ ಸದಸ್ಯ ಶೇಕಡಾ 1, ಎರಡನೆಯವರು ಶೇಕಡಾ 2, ಹೀಗೆ ಒಂಬತ್ತನೆಯವರು ಶೇಕಡಾ 9 ಇರಬೇಕೆಂದು ಬಯಸುತ್ತಾರೆ. ತಮ್ಮ ಇಚ್ಛೆಗೆ ಹೆಚ್ಚು ಹತ್ತಿರವಿರುವ ದರಕ್ಕೆ ಪ್ರತಿಯೊಬ್ಬರೂ ಮತ ನೀಡುತ್ತಾರೆ. 1ರಿಂದ 4ರವರೆಗಿನ ಸದಸ್ಯರು ಅಲ್ಪಸಂಖ್ಯಾತ ಪಕ್ಷದವರು, 5ರಿಂದ 9ರವರೆಗಿನವರು ಬಹುಮತ ಪಕ್ಷದವರು. ಇಡೀ ಸಭೆಯ ನಡುವಿನ ಸ್ಥಾನದಲ್ಲಿರುವವರು, ಅಂದರೆ ಮಧ್ಯಕ ಸದಸ್ಯರು, ಐದನೆಯವರು.

ಈಗ ಜಾರಿಯಲ್ಲಿರುವ ದರ ಶೇಕಡಾ 2 ಆಗಿದ್ದು, ಅದನ್ನು ಶೇಕಡಾ 5ಕ್ಕೆ ಏರಿಸುವ ಮಸೂದೆ ಮತಕ್ಕೆ ಬಂದರೆ 4ರಿಂದ 9ರವರೆಗಿನ ಆರು ಸದಸ್ಯರು ಪರವಾಗಿಯೂ, 1, 2 ಮತ್ತು 3ನೆಯವರು ವಿರುದ್ಧವಾಗಿಯೂ ಮತ ಹಾಕುತ್ತಾರೆ. ಮಸೂದೆ 6–3ರಿಂದ ಅಂಗೀಕಾರವಾಗುತ್ತದೆ. ಅಲ್ಪಸಂಖ್ಯಾತ ಪಕ್ಷದ ನಾಲ್ವರಲ್ಲಿ ಮೂವರು ವಿರೋಧಿಸಿದ್ದರಿಂದ ಆ ಪಕ್ಷ ರೋಲ್ ಆಗುತ್ತದೆ.

ಜಾರಿಯಲ್ಲಿರುವ ದರ ಶೇಕಡಾ 8 ಆಗಿದ್ದು, ಅದನ್ನು ಶೇಕಡಾ 5ಕ್ಕೆ ಇಳಿಸುವ ಮಸೂದೆ ಬಂದರೆ 1ರಿಂದ 6ರವರೆಗಿನ ಆರು ಸದಸ್ಯರು ಪರವಾಗಿಯೂ, 7, 8 ಮತ್ತು 9ನೆಯವರು ವಿರುದ್ಧವಾಗಿಯೂ ಇರುತ್ತಾರೆ. ಇಲ್ಲಿಯೂ ಮಸೂದೆ 6–3ರಿಂದಲೇ ಅಂಗೀಕಾರವಾಗುತ್ತದೆ; ಆದರೆ ಈ ಬಾರಿ ರೋಲ್ ಆಗುವುದು ಬಹುಮತ ಪಕ್ಷ, ಏಕೆಂದರೆ ಅದರ ಐವರಲ್ಲಿ ಮೂವರು ವಿರೋಧಿಸಿದ್ದಾರೆ.

ಮತಬಲದ ದೃಷ್ಟಿಯಿಂದ ಈ ಎರಡು ಪ್ರಸಂಗಗಳಿಗೆ ವ್ಯತ್ಯಾಸವಿಲ್ಲ. ಎಲ್ಲ ಮಸೂದೆಗಳೂ ತಾವಾಗಿಯೇ ಮತಕ್ಕೆ ಬರುವ ಸಭೆಯಲ್ಲಿ ಎರಡೂ ಪಕ್ಷಗಳು ಸೋಲುತ್ತವೆ. ಆದರೆ ಕಾರ್ಯಸೂಚಿ ಬಹುಮತ ಪಕ್ಷದ ನಾಯಕರ ಕೈಯಲ್ಲಿದ್ದರೆ ಎರಡನೆಯ ಮಸೂದೆಯನ್ನು ಅವರು ಮತಕ್ಕೇ ತರುವುದಿಲ್ಲ. ಅಲ್ಪಸಂಖ್ಯಾತ ಪಕ್ಷಕ್ಕೆ ಮೊದಲನೆಯದನ್ನು ತಡೆಯುವ ಅಂಥ ಅಧಿಕಾರವಿಲ್ಲ. ಆದ್ದರಿಂದ ದಾಖಲೆಯಲ್ಲಿ ಒಂದು ಪಕ್ಷ ಪದೇ ಪದೇ ಸೋತಂತೆಯೂ ಇನ್ನೊಂದು ಎಂದೂ ಸೋಲದಂತೆಯೂ ಕಾಣುತ್ತದೆ. ಮಸೂದೆಗಳನ್ನು ತಡೆಹಿಡಿಯುವ ಈ ಶಕ್ತಿಯನ್ನು ಕಾಕ್ಸ್ ಮತ್ತು ಮೆಕಬಿನ್ಸ್ ಋಣಾತ್ಮಕ ಕಾರ್ಯಸೂಚಿ ಅಧಿಕಾರ ಎಂದು ಕರೆದಿದ್ದಾರೆ.

## ಅಮೆರಿಕದ ಪ್ರತಿನಿಧಿ ಸಭೆಯಲ್ಲಿ

435 ಸದಸ್ಯರ ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ಮಸೂದೆಯು ಮತದಾನದ ಹಂತವನ್ನು ತಲುಪುವ ಮೊದಲು ವಿಷಯ ಸಮಿತಿಯ ಅಧ್ಯಕ್ಷರು, ನಿಯಮಗಳ ಸಮಿತಿ ಮತ್ತು ಸ್ಪೀಕರ್ ಎಂಬ ಹಲವು ಬಾಗಿಲುಗಳನ್ನು ದಾಟಬೇಕು. ಈ ಸ್ಥಾನಗಳೆಲ್ಲವೂ ಬಹುಮತ ಪಕ್ಷದ ಕೈಯಲ್ಲಿರುತ್ತವೆ. ಸಮಿತಿಯಲ್ಲಿ ಸಿಲುಕಿದ ಮಸೂದೆಯನ್ನು ಹೊರತರಲು ಸದಸ್ಯರಿಗೆ ಇರುವ ಪ್ರಮುಖ ಸಾಧನ ಬಿಡುಗಡೆ ಮನವಿ. ಇದಕ್ಕೆ ಸಭೆಯ ಬಹುಮತದಷ್ಟು, ಅಂದರೆ 218 ಸದಸ್ಯರ ಸಹಿ ಬೇಕು.

ಈ ವ್ಯವಸ್ಥೆಗೆ ಭದ್ರ ಬುನಾದಿ ಬಿದ್ದದ್ದು 1890ರಲ್ಲಿ. ಅಲ್ಲಿಯವರೆಗೆ ಅಲ್ಪಸಂಖ್ಯಾತ ಪಕ್ಷದವರು ಸಭೆಯಲ್ಲಿ ಕುಳಿತಿದ್ದೂ ಹಾಜರಿ ಕರೆದಾಗ ಉತ್ತರಿಸದೆ, ಕೋರಂ ಇಲ್ಲದಂತೆ ಮಾಡಿ ಕಲಾಪವನ್ನು ತಡೆಯಬಹುದಿತ್ತು. ಸ್ಪೀಕರ್ ಥಾಮಸ್ ರೀಡ್ ಅವರು ಸಭೆಯಲ್ಲಿರುವವರನ್ನೆಲ್ಲ ಹಾಜರೆಂದು ಎಣಿಸುವ ಪದ್ಧತಿಯನ್ನು ತಂದರು. ‘ರೀಡ್ ನಿಯಮಗಳು’ ಎಂದು ಹೆಸರಾದ ಈ ಬದಲಾವಣೆಯಿಂದ ಅಲ್ಪಸಂಖ್ಯಾತರ ತಡೆಯುವ ಶಕ್ತಿ ಕುಗ್ಗಿತು. 1877ರಿಂದ 1990ರ ದಶಕದವರೆಗಿನ ಮತದಾನಗಳನ್ನು ಪರಿಶೀಲಿಸಿದ ಕಾಕ್ಸ್ ಮತ್ತು ಮೆಕಬಿನ್ಸ್, ಬಹುಮತ ಪಕ್ಷದ ರೋಲ್ ದರವು ಅತ್ಯಲ್ಪವಾಗಿಯೇ ಉಳಿದಿರುವುದನ್ನೂ, ಅಲ್ಪಸಂಖ್ಯಾತ ಪಕ್ಷದ ದರವು ಅದಕ್ಕಿಂತ ಬಹಳ ಹೆಚ್ಚಾಗಿರುವುದನ್ನೂ ತೋರಿಸಿದರು. ಸಭೆಯ ಮಧ್ಯಕ ಸ್ಥಾನದಿಂದ ಅಲ್ಪಸಂಖ್ಯಾತ ಪಕ್ಷವು ದೂರ ಸರಿದಂತೆಲ್ಲ ಅದರ ದರ ಏರುತ್ತದೆ, ಬಹುಮತ ಪಕ್ಷದ ದರ ಹಾಗೆ ಏರುವುದಿಲ್ಲ ಎಂಬುದು ಅವರ ಪ್ರಮುಖ ಸಾಕ್ಷ್ಯ.

## ಬಹುಮತ ಪಕ್ಷವೇ ಸೋತ ಸಂದರ್ಭಗಳು

ಬಹುಮತ ಪಕ್ಷದ ಬಹುಪಾಲು ಸದಸ್ಯರ ಬೆಂಬಲವಿಲ್ಲದ ಮಸೂದೆಯನ್ನು ಮತಕ್ಕೆ ತರಬಾರದು ಎಂಬ ಅಲಿಖಿತ ಕಟ್ಟಳೆಗೆ ‘ಹ್ಯಾಸ್ಟರ್ಟ್ ನಿಯಮ’ ಎಂಬ ಹೆಸರಿದೆ. 1999ರಿಂದ 2007ರವರೆಗೆ ಸ್ಪೀಕರ್ ಆಗಿದ್ದ ಡೆನ್ನಿಸ್ ಹ್ಯಾಸ್ಟರ್ಟ್ ಈ ನೀತಿಯನ್ನು 2003ರಲ್ಲಿ ಬಹಿರಂಗವಾಗಿ ಪ್ರತಿಪಾದಿಸಿದ್ದರಿಂದ ಈ ಹೆಸರು ಬಂದಿತು. ಇದು ಸಭೆಯ ಲಿಖಿತ ನಿಯಮಗಳಲ್ಲಿ ಸೇರಿಲ್ಲ. ಇದಕ್ಕೆ ಹೊರತಾದ ಕೆಲವು ಪ್ರಮುಖ ಮತದಾನಗಳು ಕೆಳಗಿನಂತಿವೆ.

| ದಿನಾಂಕ | ವಿಷಯ | ಬಹುಮತ ಪಕ್ಷ | ಆ ಪಕ್ಷದ ಮತ (ಪರ–ವಿರುದ್ಧ) | ಒಟ್ಟು ಮತ (ಪರ–ವಿರುದ್ಧ) |
|---|---|---|---|---|
| 17 ನವೆಂಬರ್ 1993 | ಉತ್ತರ ಅಮೆರಿಕ ಮುಕ್ತ ವ್ಯಾಪಾರ ಒಪ್ಪಂದ | ಡೆಮಾಕ್ರಟಿಕ್ | 102–156 | 234–200 |
| 1 ಜನವರಿ 2013 | ತೆರಿಗೆ ಏರಿಕೆ ತಪ್ಪಿಸುವ ಕಾಯಿದೆ | ರಿಪಬ್ಲಿಕನ್ | 85–151 | 257–167 |
| 15 ಜನವರಿ 2013 | ಸ್ಯಾಂಡಿ ಚಂಡಮಾರುತದ ಪರಿಹಾರ | ರಿಪಬ್ಲಿಕನ್ | 49–179 | 241–180 |
| 28 ಫೆಬ್ರವರಿ 2013 | ಮಹಿಳಾ ದೌರ್ಜನ್ಯ ತಡೆ ಕಾಯಿದೆಯ ನವೀಕರಣ | ರಿಪಬ್ಲಿಕನ್ | 87–138 | 286–138 |
| 16 ಅಕ್ಟೋಬರ್ 2013 | ಸರ್ಕಾರಿ ಕಚೇರಿಗಳ ಸ್ಥಗಿತಕ್ಕೆ ಅಂತ್ಯ | ರಿಪಬ್ಲಿಕನ್ | 87–144 | 285–144 |
| 20 ಏಪ್ರಿಲ್ 2024 | ಉಕ್ರೇನ್ ನೆರವು | ರಿಪಬ್ಲಿಕನ್ | 101–112 | 311–112 |

ಇವುಗಳಲ್ಲಿ ಯಾವುದೂ ಸ್ಪೀಕರ್ ಅವರ ಕಣ್ತಪ್ಪಿಸಿ ಮತಕ್ಕೆ ಬಂದದ್ದಲ್ಲ. ಮಸೂದೆ ಬಿದ್ದರೆ ಅದರ ಹೊಣೆ ಪಕ್ಷದ ಮೇಲೆ ಬರುತ್ತದೆಂಬ ಭಯ, ಅಂಗೀಕಾರವಾಗಲೇಬೇಕಾದ ತುರ್ತು, ಸೆನೆಟ್ ಮತ್ತು ಅಧ್ಯಕ್ಷರ ನಿಲುವು ಮುಂತಾದ ಕಾರಣಗಳಿಂದ ನಾಯಕರು ತಾವೇ ಬಾಗಿಲು ತೆರೆಯುತ್ತಾರೆ. ಬಹುಪಾಲು ಸದಸ್ಯರಿಗೆ ತಮ್ಮ ಕ್ಷೇತ್ರದ ಮತದಾರರ ಮುಂದೆ ವಿರೋಧವನ್ನು ದಾಖಲಿಸುವ ಅವಕಾಶ ಸಿಗುತ್ತದೆ, ಮಸೂದೆ ಎದುರುಪಕ್ಷದ ಮತಗಳಿಂದ ಪಾರಾಗುತ್ತದೆ. ಆದ್ದರಿಂದ ದಾಖಲೆಯಲ್ಲಿ ಸೋಲೆಂದು ಕಾಣುವುದೆಲ್ಲ ಇಷ್ಟವಿಲ್ಲದ ಸೋಲೇ ಆಗಿರಬೇಕಾಗಿಲ್ಲ.

ಆದರೆ ಹೀಗೆ ಮಾಡುವ ನಾಯಕರಿಗೆ ಅಪಾಯವೂ ಇದೆ. 3 ಅಕ್ಟೋಬರ್ 2023ರಂದು ಸ್ಪೀಕರ್ ಕೆವಿನ್ ಮೆಕಾರ್ಥಿ ಅವರನ್ನು ಸಭೆಯು 216–210 ಮತಗಳಿಂದ ಪದಚ್ಯುತಗೊಳಿಸಿತು. ಎದುರುಪಕ್ಷದ ಮತಗಳ ನೆರವಿನಿಂದ ತಾತ್ಕಾಲಿಕ ವೆಚ್ಚದ ಮಸೂದೆಯನ್ನು ಅಂಗೀಕರಿಸಿದ್ದು ಇದಕ್ಕೆ ತಕ್ಷಣದ ಕಾರಣವಾಗಿತ್ತು. ಅವರದೇ ರಿಪಬ್ಲಿಕನ್ ಪಕ್ಷದ ಎಂಟು ಸದಸ್ಯರು 208 ಡೆಮಾಕ್ರಟಿಕ್ ಸದಸ್ಯರೊಡನೆ ಸೇರಿದ್ದರಿಂದ, ಅದೇ ಪಕ್ಷದ ಉಳಿದ 210 ಮಂದಿ ಬಹುಮತ ಪಕ್ಷದವರಾಗಿಯೂ ಸೋತರು.

## ಪಕ್ಷದೊಳಗಿನ ಗುಂಪುಗಳು

ಪಕ್ಷದ ರೋಲ್ ದರ ಕಡಿಮೆಯಿದ್ದಾಗಲೂ ಅದರೊಳಗಿನ ಒಂದು ಗುಂಪು ಸೋತಿರಬಹುದು. 10 ಫೆಬ್ರವರಿ 1964ರಂದು ನಾಗರಿಕ ಹಕ್ಕುಗಳ ಮಸೂದೆಯು ಪ್ರತಿನಿಧಿ ಸಭೆಯಲ್ಲಿ 290–130 ಮತಗಳಿಂದ ಅಂಗೀಕಾರವಾಯಿತು. ಬಹುಮತದಲ್ಲಿದ್ದ ಡೆಮಾಕ್ರಟಿಕ್ ಪಕ್ಷದ ಮತಗಳು 152–96 ಆಗಿದ್ದವು. ಆದ್ದರಿಂದ ಲೆಕ್ಕದ ಪ್ರಕಾರ ಆ ಪಕ್ಷ ರೋಲ್ ಆಗಲಿಲ್ಲ. ಆದರೆ ದಕ್ಷಿಣದ ರಾಜ್ಯಗಳ ಡೆಮಾಕ್ರಟಿಕ್ ಸದಸ್ಯರ ಮತಗಳು 7–87 ಆಗಿದ್ದವು.

ಅದಕ್ಕೂ ಹಿಂದಿನ ವರ್ಷಗಳಲ್ಲಿ ಪರಿಸ್ಥಿತಿ ಇದಕ್ಕೆ ವಿರುದ್ಧವಾಗಿತ್ತು. ನಿಯಮಗಳ ಸಮಿತಿಯ 12 ಸದಸ್ಯರಲ್ಲಿ ಎಂಟು ಮಂದಿ ಡೆಮಾಕ್ರಟರಿದ್ದರೂ, ಅಧ್ಯಕ್ಷ ಹೊವರ್ಡ್ ಸ್ಮಿತ್ ಮತ್ತು ದಕ್ಷಿಣದ ಇನ್ನೊಬ್ಬ ಸದಸ್ಯರು ನಾಲ್ವರು ರಿಪಬ್ಲಿಕನ್ನರೊಡನೆ ಸೇರಿದರೆ ಮತಗಳು 6–6ರಲ್ಲಿ ಸಮವಾಗಿ ಮಸೂದೆ ಅಲ್ಲಿಯೇ ನಿಲ್ಲುತ್ತಿತ್ತು. 1961ರ ಜನವರಿಯಲ್ಲಿ ಸ್ಪೀಕರ್ ಸ್ಯಾಮ್ ರೇಬರ್ನ್ ಅವರ ಪ್ರಯತ್ನದಿಂದ ಸಮಿತಿಯ ಸದಸ್ಯಬಲವನ್ನು 15ಕ್ಕೆ ಏರಿಸುವ ಪ್ರಸ್ತಾವವು 217–212 ಮತಗಳಿಂದ, ಕೇವಲ ಐದು ಮತಗಳ ಅಂತರದಲ್ಲಿ ಗೆದ್ದಿತು. ಸಮಿತಿಯಲ್ಲಿ ನಿಂತುಹೋದ ಮಸೂದೆಗಳಿಗೆ ಸಭೆಯಲ್ಲಿ ಮತದಾನವೇ ನಡೆಯದ ಕಾರಣ, ಅವುಗಳ ಬೆಂಬಲಿಗರ ಸೋಲು ಯಾವ ರೋಲ್ ದರದಲ್ಲಿಯೂ ದಾಖಲಾಗುವುದಿಲ್ಲ.

## ವೈಯಕ್ತಿಕ ಶಾಸಕರು

ಒಬ್ಬ ಶಾಸಕನು ಗೆದ್ದ ಪಾಳೆಯದಲ್ಲಿದ್ದ ಮತದಾನಗಳ ಪ್ರಮಾಣವನ್ನು ಗೆಲುವಿನ ದರ ಎನ್ನುತ್ತಾರೆ. ಎರಿಕ್ ಲಾರೆನ್ಸ್, ಫಾರೆಸ್ಟ್ ಮಾಲ್ಟ್ಸ್‌ಮನ್ ಮತ್ತು ಸ್ಟೀವನ್ ಸ್ಮಿತ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪ್ರತಿನಿಧಿ ಸಭೆಯ ಸದಸ್ಯರ ಗೆಲುವಿನ ದರಗಳನ್ನು ಹೋಲಿಸಿದರು. ಪಕ್ಷಗಳಿಗೆ ಪ್ರಭಾವವಿಲ್ಲದಿದ್ದರೆ ಸಭೆಯ ನಡುವಿನ ಸ್ಥಾನದಲ್ಲಿರುವವರು ಅತಿ ಹೆಚ್ಚು ಗೆಲ್ಲಬೇಕು, ಎರಡೂ ತುದಿಗಳಲ್ಲಿರುವವರು ಸಮಾನವಾಗಿ ಸೋಲಬೇಕು. ವಾಸ್ತವದಲ್ಲಿ ಬಹುಮತ ಪಕ್ಷದ ತುದಿಯಲ್ಲಿರುವವರೂ ಹೆಚ್ಚಾಗಿ ಗೆಲ್ಲುತ್ತಾರೆ, ಅಲ್ಪಸಂಖ್ಯಾತ ಪಕ್ಷದಲ್ಲಿ ಮಾತ್ರ ನಡುವಿನಿಂದ ದೂರವಾದಂತೆ ಗೆಲುವು ಕಡಿಮೆಯಾಗುತ್ತದೆ.

ಸೋತ ಪಾಳೆಯದಲ್ಲಿರುವುದು ಶಾಸಕನ ಅಸಾಮರ್ಥ್ಯದ ಲಕ್ಷಣವೆಂದು ಹೇಳಲಾಗದು. ಅಮೆರಿಕದ ಕಾಂಗ್ರೆಸ್‌ಗೆ ಆಯ್ಕೆಯಾದ ಮೊದಲ ಮಹಿಳೆ ಜೆನೆಟ್ ರ‍್ಯಾಂಕಿನ್ 1917ರಲ್ಲಿ ಮೊದಲ ಮಹಾಯುದ್ಧ ಪ್ರವೇಶದ ವಿರುದ್ಧ ಮತ ಹಾಕಿದಾಗ ಫಲಿತಾಂಶ 373–50 ಆಗಿತ್ತು. 8 ಡಿಸೆಂಬರ್ 1941ರಂದು ಜಪಾನಿನ ಮೇಲೆ ಯುದ್ಧ ಘೋಷಿಸುವ ನಿರ್ಣಯ 388–1 ಮತಗಳಿಂದ ಅಂಗೀಕಾರವಾದಾಗ ಆ ಏಕೈಕ ವಿರೋಧ ಮತವೂ ಅವರದೇ. 14 ಸೆಪ್ಟೆಂಬರ್ 2001ರಂದು ಸೇನಾಬಲ ಬಳಕೆಯ ನಿರ್ಣಯ 420–1ರಿಂದ ಅಂಗೀಕಾರವಾದಾಗ ಬಾರ್ಬರಾ ಲೀ ಒಬ್ಬರೇ ವಿರೋಧಿಸಿದ್ದರು.

## ಇತರ ದೇಶಗಳಲ್ಲಿ

ಜಪಾನ್, ಬ್ರೆಜಿಲ್, ಜರ್ಮನಿ ಮತ್ತು ಇಟಲಿಯ ಕೆಳಮನೆಗಳ ಬಗೆಗೂ ಇಂಥ ಅಧ್ಯಯನಗಳು ನಡೆದಿವೆ. ಸಂಸದೀಯ ವ್ಯವಸ್ಥೆಯಲ್ಲಿ ಮಸೂದೆಗಳನ್ನು ಮಂಡಿಸುವ ಮತ್ತು ಕಾಲ ನಿಗದಿಪಡಿಸುವ ಅಧಿಕಾರ ಬಹುತೇಕ ಸರ್ಕಾರದ ಬಳಿಯಿರುವುದರಿಂದ ಆಡಳಿತ ಪಕ್ಷಗಳ ರೋಲ್ ದರ ಬಹಳ ಕಡಿಮೆ.

ಬ್ರಿಟನ್ನಿನ ಕಾಮನ್ಸ್ ಸಭೆಯ ಸ್ಥಾಯಿ ನಿಯಮಗಳಂತೆ ಸರ್ಕಾರಿ ಕಲಾಪಕ್ಕೆ ಆದ್ಯತೆಯಿದೆ. ಈ ಆದ್ಯತೆಯೇ ವಿವಾದದ ಕೇಂದ್ರವಾದದ್ದು ಬ್ರೆಕ್ಸಿಟ್ ಕಾಲದಲ್ಲಿ. 15 ಜನವರಿ 2019ರಂದು ಪ್ರಧಾನಿ ತೆರೇಸಾ ಮೇ ಅವರ ಒಪ್ಪಂದವು 202–432 ಮತಗಳಿಂದ ತಿರಸ್ಕೃತವಾಯಿತು. ಇದು ಎರಡನೆಯ ಬಗೆಯ ಸೋಲು, ಅಂದರೆ ಸರ್ಕಾರ ಬೆಂಬಲಿಸಿದ ಪ್ರಸ್ತಾವ ಬಿದ್ದದ್ದು. ಅದೇ ವರ್ಷದ 3 ಸೆಪ್ಟೆಂಬರ್‌ನಂದು, ಬೋರಿಸ್ ಜಾನ್ಸನ್ ಪ್ರಧಾನಿಯಾಗಿದ್ದಾಗ, ಮರುದಿನದ ಕಾರ್ಯಸೂಚಿಯನ್ನು ಸರ್ಕಾರದ ಕೈಯಿಂದ ತೆಗೆದುಕೊಳ್ಳುವ ನಿರ್ಣಯವನ್ನು ಸಭೆ 328–301ರಿಂದ ಅಂಗೀಕರಿಸಿತು. ಆ ಬಳಿಕವೇ ಒಪ್ಪಂದವಿಲ್ಲದೆ ಐರೋಪ್ಯ ಒಕ್ಕೂಟ ತೊರೆಯುವುದನ್ನು ತಡೆಯುವ ಮಸೂದೆಯು ಸರ್ಕಾರದ ವಿರೋಧವಿದ್ದೂ ಅಂಗೀಕಾರವಾಯಿತು. ಸರ್ಕಾರದ ವಿರುದ್ಧ ಮತ ಹಾಕಿದ 21 ಕನ್ಸರ್ವೇಟಿವ್ ಸದಸ್ಯರನ್ನು ಸಂಸದೀಯ ಪಕ್ಷದಿಂದ ಹೊರಹಾಕಲಾಯಿತು.

## ಭಾರತದಲ್ಲಿ

ಭಾರತದ ಶಾಸನಸಭೆಗಳಲ್ಲಿ ರೋಲ್ ದರವನ್ನು ಲೆಕ್ಕಹಾಕುವುದು ಕಷ್ಟ. ಹೆಚ್ಚಿನ ಮಸೂದೆಗಳು ಧ್ವನಿಮತದಿಂದ ಅಂಗೀಕಾರವಾಗುತ್ತವೆ. ಸದಸ್ಯರು ಒತ್ತಾಯಿಸಿ ಮತವಿಭಜನೆ ನಡೆದಾಗ ಮಾತ್ರ ಯಾರು ಯಾವ ಕಡೆ ಎಂಬುದು ದಾಖಲಾಗುತ್ತದೆ. ಇದರೊಂದಿಗೆ, 1985ರ 52ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯ ಪ್ರಕಾರ ಪಕ್ಷದ ವಿಪ್ ಉಲ್ಲಂಘಿಸಿ ಮತ ಹಾಕಿದ ಅಥವಾ ಗೈರುಹಾಜರಾದ ಸದಸ್ಯರು ಅನರ್ಹರಾಗಬಹುದು. 1992ರ ಕಿಹೋಟೋ ಹೊಲ್ಲೊಹಾನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಅನುಸೂಚಿಯನ್ನು ಬಹುಮಟ್ಟಿಗೆ ಎತ್ತಿಹಿಡಿಯಿತಾದರೂ, ಅನರ್ಹತೆಗೆ ಕಾರಣವಾಗುವ ವಿಪ್ ಸರ್ಕಾರದ ಅಳಿವು-ಉಳಿವಿನ ಹಾಗೂ ಪಕ್ಷದ ಮೂಲ ನೀತಿಯ ವಿಷಯಗಳಿಗೆ ಸೀಮಿತವಾಗಿರಬೇಕೆಂದು ಹೇಳಿತು.

ಕಾರ್ಯಸೂಚಿಯ ಮೇಲೆ ಸರ್ಕಾರಕ್ಕಿರುವ ಹಿಡಿತವನ್ನು ಖಾಸಗಿ ಸದಸ್ಯರ ಮಸೂದೆಗಳ ಗತಿಯಲ್ಲಿ ಕಾಣಬಹುದು. ಸ್ವಾತಂತ್ರ್ಯಾನಂತರ ಇಂಥ 14 ಮಸೂದೆಗಳು ಮಾತ್ರ ಕಾನೂನಾಗಿವೆ, ಕೊನೆಯದು 1970ರಲ್ಲಿ. ಮಂಡಿಸಿದವುಗಳಲ್ಲಿ ಹೆಚ್ಚಿನವು ಮತದಾನದಲ್ಲಿ ಸೋತವಲ್ಲ. ಚರ್ಚೆಗೇ ಬಾರದೆ ಉಳಿದವು, ಇಲ್ಲವೆ ಹಿಂತೆಗೆದುಕೊಂಡವು.

ಸರ್ಕಾರಗಳು ಸೋತ ಪ್ರಸಂಗಗಳೂ ಇವೆ. 5 ಸೆಪ್ಟೆಂಬರ್ 1970ರಂದು ಮಾಜಿ ಅರಸರ ರಾಜಧನವನ್ನು ರದ್ದುಪಡಿಸುವ ಸಂವಿಧಾನ ತಿದ್ದುಪಡಿ ಮಸೂದೆಗೆ ರಾಜ್ಯಸಭೆಯಲ್ಲಿ ಪರವಾಗಿ 149, ವಿರುದ್ಧವಾಗಿ 75 ಮತಗಳು ಬಂದವು. ಮೂರನೆಯ ಎರಡರಷ್ಟು ಬಹುಮತಕ್ಕೆ ಒಂದು ಮತಕ್ಕಿಂತಲೂ ಕಡಿಮೆ ಕೊರತೆಯಾಗಿ ಮಸೂದೆ ಬಿದ್ದುಹೋಯಿತು. 17 ಏಪ್ರಿಲ್ 1999ರಂದು ಅಟಲ್ ಬಿಹಾರಿ ವಾಜಪೇಯಿ ಸರ್ಕಾರವು ಲೋಕಸಭೆಯಲ್ಲಿ ವಿಶ್ವಾಸಮತವನ್ನು 269–270ರಿಂದ ಕಳೆದುಕೊಂಡಿತು.

ಕರ್ನಾಟಕ ವಿಧಾನಸಭೆಯಲ್ಲಿ 23 ಜುಲೈ 2019ರಂದು ಎಚ್.ಡಿ. ಕುಮಾರಸ್ವಾಮಿ ನೇತೃತ್ವದ ಮೈತ್ರಿ ಸರ್ಕಾರವು ವಿಶ್ವಾಸಮತದಲ್ಲಿ 99–105ರಿಂದ ಸೋತಿತು. ಇಲ್ಲಿ ಫಲಿತಾಂಶವನ್ನು ನಿರ್ಧರಿಸಿದ್ದು ಆಡಳಿತ ಪಕ್ಷಗಳ ಶಾಸಕರು ರಾಜೀನಾಮೆ ಸಲ್ಲಿಸಿ ಸದನದಿಂದ ದೂರ ಉಳಿದದ್ದು. ಬಳಿಕ 17 ಶಾಸಕರನ್ನು ಸಭಾಧ್ಯಕ್ಷರು ಅನರ್ಹಗೊಳಿಸಿದರು. 2019ರ ನವೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಅನರ್ಹತೆಯನ್ನು ಎತ್ತಿಹಿಡಿಯಿತಾದರೂ, ವಿಧಾನಸಭೆಯ ಅವಧಿ ಮುಗಿಯುವವರೆಗೆ ಅವರು ಮತ್ತೆ ಸ್ಪರ್ಧಿಸಬಾರದೆಂಬ ಭಾಗವನ್ನು ರದ್ದುಪಡಿಸಿತು.

## ಟೀಕೆ ಮತ್ತು ಮಿತಿಗಳು

ಕೀತ್ ಕ್ರೆಬೀಲ್ ಅವರು ಪಕ್ಷಗಳ ಪ್ರಭಾವವೇ ಇಲ್ಲದ ಸಭೆಯಲ್ಲಿಯೂ ಸದಸ್ಯರ ಅಭಿಪ್ರಾಯಗಳ ಹಂಚಿಕೆ ಮತ್ತು ಯಥಾಸ್ಥಿತಿಯ ನೆಲೆಯನ್ನು ಅವಲಂಬಿಸಿ ಎರಡು ಪಕ್ಷಗಳ ರೋಲ್ ದರಗಳ ನಡುವೆ ಅಂತರ ಕಾಣಿಸಿಕೊಳ್ಳಬಹುದೆಂದು ವಾದಿಸಿದ್ದಾರೆ. ಅವರ ಪ್ರಕಾರ ರೋಲ್ ದರವೊಂದೇ ಪಕ್ಷದ ಶಕ್ತಿಗೆ ಸಾಕಷ್ಟು ಪುರಾವೆಯಲ್ಲ.

ಮಾಪನಕ್ಕೆ ಬೇರೆ ಮಿತಿಗಳೂ ಇವೆ. ಸರ್ವಾನುಮತದ ಸಣ್ಣಪುಟ್ಟ ಮಸೂದೆಗಳು ಹೆಚ್ಚಾಗಿ ದಾಖಲಾದರೆ ಎಲ್ಲ ಪಕ್ಷಗಳ ದರವೂ ಕಡಿಮೆಯಾಗಿ ಕಾಣುತ್ತದೆ. ಒಂದು ಕಟ್ಟಡಕ್ಕೆ ಹೆಸರಿಡುವ ಮಸೂದೆ ಮತ್ತು ಯುದ್ಧ ಘೋಷಣೆ ಲೆಕ್ಕದಲ್ಲಿ ಸಮಾನವಾಗುತ್ತವೆ. ಫಲಿತಾಂಶ ಮೊದಲೇ ಖಚಿತವಾಗಿರುವಾಗ ಸದಸ್ಯರು ತಮ್ಮ ನಿಜವಾದ ಇಚ್ಛೆಗೆ ಬದಲಾಗಿ ಮತದಾರರನ್ನು ಗಮನದಲ್ಲಿಟ್ಟು ಮತ ಹಾಕಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಮತಕ್ಕೆ ಬಾರದ ಮಸೂದೆಗಳು ಈ ಲೆಕ್ಕದ ಹೊರಗೆ ಉಳಿಯುತ್ತವೆ. ಆದ್ದರಿಂದ ಒಂದು ಪಕ್ಷದ ಅಥವಾ ಶಾಸಕರ ಸೋಲು-ಗೆಲುವಿನ ಅಂಕಿಅಂಶಗಳನ್ನು ಆ ಸಭೆಯ ಕಾರ್ಯಸೂಚಿಯನ್ನು ಯಾರು ನಿರ್ಧರಿಸುತ್ತಾರೆ, ಯಾವ ಮಸೂದೆಗಳು ಸಮಿತಿಯಲ್ಲಿಯೇ ಉಳಿದಿವೆ ಮತ್ತು ವಿಪ್ ಎಷ್ಟು ಕಟ್ಟುನಿಟ್ಟಾಗಿದೆ ಎಂಬ ಮಾಹಿತಿಯೊಡನೆ ಸೇರಿಸಿ ಓದಬೇಕಾಗುತ್ತದೆ.